ಜಿರ್ಕಾನ್ ಹರಳೂ ಪ್ರಯೋಗದ ಪುಸ್ತಕವೂ

ಹೆಣ್ಣುಮಕ್ಕಳಿಗೆ ವಿಜ್ಞಾನವನ್ನು ಏತಕ್ಕೆ ಕಲಿಸಬೇಕೆಂದು ನಮ್ಮನ್ನು ಕೇಳುವವರು ಈಗ ಯಾರೂ ಇಲ್ಲ. ಆ ಕಾಲವು ಕಳೆದುಹೋದುದಕ್ಕಾಗಿ ದೇವರಿಗೆ ಸ್ತೋತ್ರ. ಈಗ ನಮ್ಮ ಬಳಿಗೆ ಬರುವ ತಾಯಿತಂದೆಗಳು ಕೇಳುವ ಪ್ರಶ್ನೆಯು ಬೇರೆ: ಪ್ರಯೋಗಕ್ಕೆ ಎಷ್ಟು ಮಾರ್ಕುಗಳು? ಅವು ಪೂರ್ತಿಯಾಗಿ ದೊರೆಯುವಂತೆ ಉತ್ತರವನ್ನು ಮೊದಲೇ ಬರೆಸಿಬಿಡಬಾರದೇ? ಹುಡುಗಿಯು ಗಾಜಿನ ಪಾತ್ರೆಯ ಮುಂದೆ ಒಂದು ಗಂಟೆ ನಿಂತು ತಪ್ಪು ಅಂಕಿಯನ್ನು ಪಡೆಯುವುದಕ್ಕಿಂತ, ಸರಿಯಾದ ಅಂಕಿಯನ್ನು ಹತ್ತು ನಿಮಿಷದಲ್ಲಿ ಬರೆದುಕೊಂಡು ಗಣಿತದ ಅಭ್ಯಾಸಕ್ಕೆ ಹೋಗುವುದು ಲಾಭವಲ್ಲವೇ? ಹೀಗೆ ಕೇಳುವವರು ಮಕ್ಕಳ ಹಿತವನ್ನು ಬಯಸುವವರೇ. ಅವರನ್ನು ನಾವು ಹಳಿಯುವುದಿಲ್ಲ. ಆದರೆ ಅವರ ಮಾತನ್ನು ಒಪ್ಪುವುದೂ ಇಲ್ಲ. ಏಕೆಂಬುದನ್ನು ತಿಳಿಸುವುದಕ್ಕಾಗಿ, ಕಲ್ಲುಗಳ ವಯಸ್ಸನ್ನು ಅಳೆಯುವುದರಲ್ಲಿ ತಮ್ಮ ಆಯುಸ್ಸನ್ನು ಕಳೆದ ಅಮೆರಿಕ ದೇಶದ ಒಬ್ಬ ರಸಾಯನಶಾಸ್ತ್ರಜ್ಞರ ಜೀವಿತವನ್ನು ವಾಚಕರ ಮುಂದಿಡುತ್ತೇವೆ.

ಕ್ಲೇರ್ ಪ್ಯಾಟರ್ಸನ್ ಎಂಬವರು 1922ರಲ್ಲಿ ಐಯೋವಾ ಪ್ರಾಂತದಲ್ಲಿ ಅಂಚೆ ಇಲಾಖೆಯ ನೌಕರರೊಬ್ಬರ ಮಗನಾಗಿ ಹುಟ್ಟಿದರು. ಮಗನು ಬಾಲಕನಾಗಿದ್ದಾಗ ರಸಾಯನ ಪ್ರಯೋಗದ ಸಾಮಾನುಗಳ ಪೆಟ್ಟಿಗೆಯೊಂದನ್ನು ಅವನ ಕೈಗೆ ಕೊಟ್ಟವರು ತಾಯಿಯೇ. (ತಾಯಂದಿರು ಇದನ್ನು ಗಮನಿಸಬೇಕು.) ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಹ್ಯಾರಿಸನ್ ಬ್ರೌನ್ ಎಂಬ ಅಧ್ಯಾಪಕರು ಇವರಿಗೂ ಜಾರ್ಜ್ ಟಿಲ್ಟನ್ ಎಂಬ ಸಹಪಾಠಿಗೂ ಒಂದು ಕೆಲಸವನ್ನು ಹಂಚಿಕೊಟ್ಟರು. ಜಿರ್ಕಾನ್ ಹರಳಿನಲ್ಲಿ ಯುರೇನಿಯಮ್ ಎಷ್ಟಿದೆಯೆಂಬುದನ್ನು ಟಿಲ್ಟನ್ನರು ಅಳೆಯತಕ್ಕದ್ದು. ಸೀಸವೆಷ್ಟಿದೆಯೆಂಬುದನ್ನು ಪ್ಯಾಟರ್ಸನ್ನರು ಅಳೆಯತಕ್ಕದ್ದು. ಕೆಲಸವು ಬಹು ಸುಲಭವೆಂದು ಗುರುಗಳು ಭರವಸೆ ಕೊಟ್ಟಿದ್ದರು.

ಜಿರ್ಕಾನ್ ಎಂಬುದು ಗ್ರಾನೈಟ್ ಕಲ್ಲಿನೊಳಗೆ ಮರಳಿನ ಕಾಳಿಗಿಂತಲೂ ಚಿಕ್ಕದಾಗಿ ಅಡಗಿರುವ ಹರಳು. ಒಡವೆಯಂಗಡಿಯಲ್ಲಿ ಅಮೆರಿಕನ್ ಡೈಮಂಡ್ ಎಂದು ಮಾರುವ ಕೃತಕ ಹರಳಿಗೂ ಇದಕ್ಕೂ ಹೆಸರಿನಲ್ಲಿ ನೆಂಟಸ್ತಿಕೆಯುಂಟು. ಆದರೆ ಇದು ಅದಲ್ಲ. ಕಲ್ಲು ಸವೆದು ಮಣ್ಣಾದರೂ ಈ ಹರಳು ಸವೆಯದು. ಅದು ಹುಟ್ಟುವಾಗ ತನ್ನೊಳಗೆ ಯುರೇನಿಯಮ್ ಪರಮಾಣುಗಳಿಗೆ ಸ್ವಲ್ಪ ಸ್ಥಳವನ್ನು ಕೊಡುತ್ತದೆ. ಸೀಸವನ್ನಾದರೋ ಬಹುಮಟ್ಟಿಗೆ ಹೊರಗೇ ನಿಲ್ಲಿಸುತ್ತದೆ. ಒಳಗೆ ಸೇರಿದ ಯುರೇನಿಯಮ್ ಕ್ರಮಕ್ರಮವಾಗಿ ಸೀಸವಾಗುತ್ತದೆ. ಆದ ಕಾರಣ ಹರಳಿನಲ್ಲಿ ಈಗ ಕಾಣುವ ಸೀಸವು ಅದರ ವಯಸ್ಸಿನ ಗುರುತು. ಇಷ್ಟೇ ಅಲ್ಲ, ಯುರೇನಿಯಮಿನಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಅರ್ಧ ಪಾಲು ಸೀಸವಾಗಲು ಸುಮಾರು 447 ಕೋಟಿ ವರ್ಷಗಳು ಬೇಕು. ಮತ್ತೊಂದಕ್ಕೆ ಸುಮಾರು 70 ಕೋಟಿ ಸಾಕು. ಹೀಗೆ ಒಂದೇ ಹರಳಿನಲ್ಲಿ ಎರಡು ಗಡಿಯಾರಗಳು ನಡೆಯುತ್ತಿವೆ. ದೇವಾಲಯದ ಗಡಿಯಾರವೂ ಶಾಲೆಯ ಗಡಿಯಾರವೂ ಒಂದೇ ಹೊತ್ತನ್ನು ತೋರಿಸಿದರೆ ನಾವು ಹೇಗೆ ನಂಬುತ್ತೇವೆಯೋ ಹಾಗೆಯೇ ಇಲ್ಲಿಯೂ. ಎರಡೂ ಹೊಂದದೆ ಹೋದರೆ, ಎಂದೋ ಒಮ್ಮೆ ಹರಳಿನಿಂದ ಸೀಸವು ಸೋರಿಹೋಗಿರಬಹುದೆಂದು ವಿಚಾರಿಸಬೇಕಾಗುತ್ತದೆ.

ಟಿಲ್ಟನ್ನರ ಅಂಕಿಗಳು ಹೊಂದಿಬಂದವು. ಪ್ಯಾಟರ್ಸನ್ನರ ಅಂಕಿಗಳು ಹೊಂದಲಿಲ್ಲ. ಕಲ್ಲಿನ ವಯಸ್ಸು ಅಜಮಾಸಾಗಿ ತಿಳಿದದ್ದೇ. ಅದರಲ್ಲಿ ಇರಬಹುದಾದ ಸೀಸಕ್ಕಿಂತ ಎಷ್ಟೋ ಪಾಲು ಹೆಚ್ಚು ಸೀಸವು ಪ್ರತಿ ಸಲವೂ ಕಾಣಿಸಿತು. ಈ ಸ್ಥಳದಲ್ಲಿ ಒಬ್ಬ ಜಾಣ ವಿದ್ಯಾರ್ಥಿಯು ಏನು ಮಾಡುವನೆಂದು ನಾವು ಬಲ್ಲೆವು. ಪ್ಯಾಟರ್ಸನ್ನರು ಕಲ್ಲನ್ನೇ ಬದಿಗಿಟ್ಟು, ಖಾಲಿ ಪಾತ್ರೆಯಲ್ಲಿ ಅದೇ ನೀರು, ಅದೇ ಆಮ್ಲ, ಅದೇ ಕ್ರಮದಿಂದ ಕೆಲಸವನ್ನೆಲ್ಲಾ ನಡಿಸಿ ಕಡೆಯಲ್ಲಿ ಸೀಸವನ್ನು ಅಳೆದರು. ಏನೂ ಇಲ್ಲದ ಪಾತ್ರೆಯಲ್ಲಿ ಸೀಸವಿತ್ತು! ನೀರಿನಲ್ಲಿ ಸೀಸ, ಗಾಜಿನಲ್ಲಿ ಸೀಸ, ಗಾಳಿಯ ಧೂಳಿನಲ್ಲಿ ಸೀಸ, ತಮ್ಮ ತಲೆಗೂದಲಿನಲ್ಲಿಯೂ ಉಡುಪಿನಲ್ಲಿಯೂ ಸೀಸ. ಅಂದಿನಿಂದ ಅವರು ನೆಲವನ್ನು ಉಜ್ಜಿ, ಪಾತ್ರೆಗಳನ್ನು ಆಮ್ಲದಲ್ಲಿ ಕುದಿಸಿ, ದ್ರಾವಕಗಳನ್ನು ತಾವೇ ಬಟ್ಟಿಯಿಳಿಸಿ ಶುದ್ಧಿಮಾಡಿದರು. ಇದಕ್ಕೆ ವರ್ಷಗಳೇ ಹಿಡಿದವು. ಕಡೆಗೆ ಕೆನಡ ದೇಶದ ಒಂಟೇರಿಯೋ ಪ್ರಾಂತದ ಒಂದು ಗ್ರಾನೈಟಿನ ಜಿರ್ಕಾನುಗಳು ಸುಮಾರು 100 ಕೋಟಿ ವರ್ಷಗಳ ವಯಸ್ಸನ್ನು ಒಪ್ಪಿಕೊಂಡವು. ಅವರೆಲ್ಲರೂ ಕೂಡಿ ಮಾಡಿದ ಈ ಕೆಲಸವು 1955ರಲ್ಲಿ ಅಚ್ಚಾಯಿತು.

ಈಗ ನಮ್ಮ ಪ್ರಯೋಗದ ಪುಸ್ತಕಕ್ಕೆ ಬರೋಣ. ನಮ್ಮ ಊರು ಪ್ರಸ್ಥಭೂಮಿಯ ಮೇಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಉಷ್ಣಮಾಪಕವು ಅದನ್ನು ತೋರಿಸುತ್ತದೆ, ಹುಡುಗಿಯು ಕಣ್ಣಾರೆ ನೋಡುತ್ತಾಳೆ, ನೋಡಿ 100 ಎಂದು ಬರೆಯುತ್ತಾಳೆ. ಪಾಠಪುಸ್ತಕದಲ್ಲಿ ಹಾಗೆ ಇದೆಯಷ್ಟೆ! ಅವಳು ಅಳಿಸಿಹಾಕಿದ ಆ ಮೂರು ಡಿಗ್ರಿಗಳಲ್ಲಿ ನಮ್ಮ ಊರಿನ ಎತ್ತರವೂ ಗಾಳಿಯ ಭಾರವೂ ಅಡಗಿದ್ದವು. ಇದು ಸಣ್ಣ ಸುಳ್ಳು ಎನ್ನುವಿರಾ? ಸಣ್ಣದೇ. ಆದರೆ ಉಪಾಧ್ಯಾಯಿನಿಯ ಎದುರಿನಲ್ಲಿ, ತಾಯಿತಂದೆಗಳ ಒಪ್ಪಿಗೆಯಿಂದ, ಮಾರ್ಕಿನ ಬಹುಮಾನದೊಂದಿಗೆ ಕಲಿಸಲ್ಪಡುವ ಸುಳ್ಳು ಇದೊಂದೇ ಎಂಬುದನ್ನು ನೆನಪಿಡಬೇಕು.

ಜಿರ್ಕಾನಿನಿಂದ ಕಲಿತ ಶುಚಿಯೇ ಪ್ಯಾಟರ್ಸನ್ನರನ್ನು ಮುಂದಕ್ಕೆ ಕೊಂಡೊಯ್ದಿತು. 1952ರಲ್ಲಿ ಅವರು ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಗೆ ಸೇರಿ, ಸೋಸಿದ ಗಾಳಿಯ ಪ್ರಯೋಗಶಾಲೆಯನ್ನು ಕಟ್ಟಿಕೊಂಡರು. ಅರಿಜೋನಾದಲ್ಲಿ ಬಿದ್ದಿದ್ದ ಕ್ಯಾನಿಯನ್ ಡಯಾಬ್ಲೊ ಎಂಬ ಉಲ್ಕೆಯ ಒಂದು ಭಾಗದಲ್ಲಿ ಯುರೇನಿಯಮ್ ಇಲ್ಲವೆಂಬಷ್ಟು ಕಡಿಮೆ. ಆದುದರಿಂದ ಗ್ರಹಗಳು ಹುಟ್ಟಿದಾಗ ಇದ್ದ ಸೀಸವು ಅಲ್ಲಿ ಬದಲಾಗದೆ ಉಳಿದಿತ್ತು. ಅದನ್ನು 1953ರಲ್ಲಿ ಅಳೆದು, ಬೇರೆ ಉಲ್ಕೆಗಳ ಸೀಸದೊಂದಿಗೆ ಹೋಲಿಸಿ, ಭೂಮಿಯ ವಯಸ್ಸು 455 ಕೋಟಿ ವರ್ಷಗಳೆಂದು 1956ರಲ್ಲಿ ಪ್ರಕಟಿಸಿದರು. ಏಳು ಕೋಟಿ ವರ್ಷಗಳಷ್ಟು ಆಚೀಚೆ ಆಗಬಹುದೆಂಬುದನ್ನೂ ಪಕ್ಕದಲ್ಲಿಯೇ ಬರೆದರು.

ಇಂಥ ಅಂಕಿಯನ್ನು ಕ್ರೈಸ್ತ ಶಾಲೆಯ ಪತ್ರಿಕೆಯಲ್ಲಿ ಅಚ್ಚುಮಾಡಬಹುದೇ ಎಂದು ಶಂಕಿಸುವವರು ಒಬ್ಬಿಬ್ಬರು ಇರಬಹುದು. ಸೃಷ್ಟಿಯು ಕ್ರಿಸ್ತ ಪೂರ್ವ 4004ರಲ್ಲಿ ನಡೆಯಿತೆಂಬ ಲೆಕ್ಕವನ್ನು ಹಾಕಿದವರು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್, 1650ರಲ್ಲಿ. ಅದು ಆಮೇಲೆ ಇಂಗ್ಲಿಷ್ ಸತ್ಯವೇದಗಳ ಅಂಚಿನಲ್ಲಿ ಅಚ್ಚಾಗಿ ಬಂದಿತು. ಅಂಚಿನಲ್ಲಿದ್ದುದನ್ನು ಜನರು ಮೂಲವೆಂದು ತಿಳಿದರು. ಆದಿಕಾಂಡದಲ್ಲಿ ಆ ಅಂಕಿಯಿಲ್ಲ. ಬೆಂಗಳೂರಿಗೆ ಹೋದಾಗ ನಮ್ಮ ಹುಡುಗಿಯರು ಬುತ್ತಿ ಬಿಚ್ಚಿ ಉಣ್ಣುವ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷಗಳಾಗಿವೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್ ಎಂಬಲ್ಲಿ ಸಿಕ್ಕ ಒಂದು ಜಿರ್ಕಾನಿಗೆ 440 ಕೋಟಿಯೆಂದು 2001ರಲ್ಲಿ ಪ್ರಕಟವಾಯಿತು. ನಮ್ಮ ಬೆಳಗಿನ ಪ್ರಾರ್ಥನೆಗೆ ಇದರಿಂದ ಯಾವ ಕುಂದೂ ಬಂದಿಲ್ಲ.

ಇಷ್ಟಕ್ಕೇ ನಿಂತಿದ್ದರೂ ಪ್ಯಾಟರ್ಸನ್ನರಿಗೆ ಕೀರ್ತಿಯು ಸಾಲುತ್ತಿತ್ತು. ಆದರೆ ಕಲ್ಲಿಗೆ ಅಂಟಿದ ಆ ಹೊರಗಿನ ಸೀಸವು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಸಮುದ್ರದ ಆಳದ ನೀರಿಗಿಂತ ಮೇಲಿನ ನೀರಿನಲ್ಲಿ ಸೀಸವು ಬಹಳ ಹೆಚ್ಚೆಂದು ಕಂಡಿತು. ಗ್ರೀನ್‌ಲೆಂಡಿನ ಹಳೆಯ ಹಿಮಕ್ಕಿಂತ ಹೊಸ ಹಿಮದಲ್ಲಿ ಹೆಚ್ಚೆಂದು ಕಂಡಿತು. ಮೋಟಾರು ಗಾಡಿಗಳ ಪೆಟ್ರೋಲಿಗೆ 1923ರಿಂದ ಸೀಸವನ್ನು ಬೆರೆಸುತ್ತಿದ್ದರು. ಮುಖ್ಯ ಕಾರಣವು ಅದೇ ಎಂದು ಅವರು 1965ರಲ್ಲಿ ಬಹಿರಂಗವಾಗಿ ಬರೆದರು. ಅವರ ಸಂಶೋಧನೆಗೆ ಸಹಾಯಮಾಡುತ್ತಿದ್ದ ತೈಲದವರ ಹಣವು ನಿಂತುಹೋಯಿತು. ಗಾಳಿಯ ಸೀಸವನ್ನು ಕುರಿತು ವಿಚಾರಿಸಲು 1971ರಲ್ಲಿ ಕೂಡಿದ ಸಮಿತಿಯಲ್ಲಿ, ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಇವರಿಗೆ ಸ್ಥಳವಿರಲಿಲ್ಲ. ಆದರೂ ಅಂಕಿಯು ಅಂಕಿಯೇ. ಅಮೆರಿಕದಲ್ಲಿ ಸೀಸದ ಪೆಟ್ರೋಲು ಕಡಿಮೆಯಾಗುತ್ತ ಬಂದು, 1976ರಿಂದ 1991ರೊಳಗೆ ಅಲ್ಲಿಯ ಜನರ ರಕ್ತದ ಸೀಸವು ಮುಕ್ಕಾಲು ಪಾಲಿಗಿಂತಲೂ ಹೆಚ್ಚಾಗಿ ಇಳಿಯಿತು. ಪ್ಯಾಟರ್ಸನ್ನರು 1995ರ ಡಿಸೆಂಬರಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳಿನಿಂದ ಆ ದೇಶದ ರಸ್ತೆಯ ಗಾಡಿಗಳಿಗೆ ಸೀಸದ ಪೆಟ್ರೋಲು ಪೂರ್ತಿಯಾಗಿ ನಿಷಿದ್ಧವಾಯಿತು. ನಮ್ಮ ದೇಶದಲ್ಲಿ ಅದು 2000ದಲ್ಲಿ ನಿಂತಿತು. ಸೀಸವು ಎಳೆಯ ಮಕ್ಕಳ ಬುದ್ಧಿಯನ್ನು ಕುಂದಿಸುವ ವಿಷವೆಂಬುದನ್ನು ನೆನೆದರೆ, ಈ ಪತ್ರಿಕೆಯನ್ನೋದುವ ಎಷ್ಟು ಮನೆಗಳ ಮಕ್ಕಳು ಆ ಖಾಲಿ ಪಾತ್ರೆಗೆ ಋಣಿಗಳಾಗಿದ್ದಾರೆಂಬುದು ತಿಳಿದೀತು.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆವು. ಪ್ಯಾಟರ್ಸನ್ನರ ಪತ್ನಿ ಲೋರ್ನಾ ಅವರೂ ರಸಾಯನಶಾಸ್ತ್ರವನ್ನು ಕಲಿತವರೇ. ಪತಿಯು ಶಿಕಾಗೋದಲ್ಲಿ ಓದುತ್ತಿದ್ದಾಗ ತಾವು ದುಡಿದು ಮನೆಯನ್ನು ನಡಿಸಿದವರು ಅವರು. ಪತಿಯು ಕೀರ್ತಿಯನ್ನು ಪಡೆದ ಕ್ಯಾಲ್ಟೆಕ್ ಸಂಸ್ಥೆಯಾದರೋ 1970ರ ತನಕ ಹೆಣ್ಣುಮಕ್ಕಳನ್ನು ಮೊದಲ ಪದವಿಯ ತರಗತಿಗಳಿಗೆ ಸೇರಿಸಿಕೊಳ್ಳಲಿಲ್ಲ. ಪಾತ್ರೆಯನ್ನು ಕಲೆಯಿಲ್ಲದಂತೆ ಬೆಳಗುವ ಕೈಗಳನ್ನು ಹೊರಗೆ ನಿಲ್ಲಿಸಿ ಶುಚಿಯ ವಿದ್ಯೆಯನ್ನು ಕಲಿಸಿದ ಆ ಪಂಡಿತರನ್ನು ಕುರಿತು ನಾವು ಹೆಚ್ಚು ಬರೆಯುವುದಿಲ್ಲ.

ನಮ್ಮ ಶಾಲೆಯಲ್ಲಿ ಈ ವರ್ಷದಿಂದ ಪ್ರಯೋಗದ ಪುಸ್ತಕವನ್ನು ಶಾಯಿಯಿಂದಲೇ ಬರೆಯತಕ್ಕದ್ದೆಂದೂ, ರಬ್ಬರು ಪ್ರಯೋಗಶಾಲೆಯೊಳಕ್ಕೆ ಬರಕೂಡದೆಂದೂ ಗೊತ್ತುಮಾಡಿದ್ದೇವೆ. ಕಂಡ ಅಂಕಿಯನ್ನು ಬರೆದು, ಅದು ಏಕೆ ಹಾಗೆ ಬಂದಿತೆಂದು ಎರಡು ಸಾಲಿನಲ್ಲಿ ವಿಚಾರಮಾಡಿದ ಹುಡುಗಿಗೆ ಪೂರ್ತಿ ಮಾರ್ಕು. ಮಗಳು ಮನೆಗೆ ತಂದ ಪುಸ್ತಕದಲ್ಲಿ 97 ಎಂದಿದ್ದರೆ ತಾಯಿತಂದೆಗಳು ಗಾಬರಿಪಡದೆ ಸಹಿಮಾಡಬೇಕೆಂದು ಬೇಡುತ್ತೇವೆ. ಪ್ರಯೋಗಶಾಲೆಯ ತಕ್ಕಡಿಯು ಹಳೆಯದಾಗಿದೆ. ನೀರನ್ನು ಬಟ್ಟಿಯಿಳಿಸುವ ಗಾಜಿನ ಸಾಮಾನು ಕಳೆದ ಮಳೆಗಾಲದಲ್ಲಿ ಒಡೆಯಿತು. ಹಳೆಯ ವಿದ್ಯಾರ್ಥಿನಿಯರಲ್ಲಿ ಶಕ್ತಿಯುಳ್ಳವರು ಈ ಎರಡನ್ನು ಕುರಿತು ಶಾಲೆಗೆ ಬರೆದು ತಿಳಿಸಬಹುದು.

— ಮುಖ್ಯೋಪಾಧ್ಯಾಯಿನಿ