ಬೀಗ ಬಿದ್ದಿರೋ ಸರ್ಕಾರ ನಮ್ಮೂರಲ್ಲೂ ಒಂದಿದೆ

ಕೊಟ್ಟೂರು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಒಗ್ಗರಣೆ ಮಂಡಕ್ಕಿ ತಿಂತಾ ಕೂತಿದ್ದೆ. ಅಮೆರಿಕದಲ್ಲಿರೋ ಅಕ್ಕನ ಮಗನಿಂದ ವಾಟ್ಸಾಪ್ ಬಂತು. "ಮಾವ, ಅಂತೂ ಬೀಗ ತೆಗೆದ್ರು. ಸೋಮವಾರದಿಂದ ಕೆಲಸ." ಅವನದು ಸರ್ಕಾರಿ ಕಂತ್ರಾಟು ಹಿಡಿಯೋ ಒಂದು ಕಂಪನಿ. ಅಕ್ಟೋಬರ್ 1ಕ್ಕೆ ಅಲ್ಲಿನ ಕೇಂದ್ರ ಸರ್ಕಾರ ಬಂದ್ ಆಯ್ತು, ನವೆಂಬರ್ 12ರ ರಾತ್ರಿ ತೆರೀತು. 43 ದಿನ. ಅವರ ಇತಿಹಾಸದಲ್ಲೇ ಇಷ್ಟು ದೀರ್ಘದ ಬಂದ್ ಆಗಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪನಿಗೆ ಓದಿ ಹೇಳಿದೆ. "ಅಲ್ಲೋ ತಮ್ಮಾ, ಸರ್ಕಾರಕ್ಕೂ ಬೀಗ ಹಾಕ್ತಾರೇನು?" ಅಂದ. ತಿಳಿದಷ್ಟು ಹೇಳಿದೆ. ಅಲ್ಲಿ ಖರ್ಚಿನ ಮಸೂದೆ ಪಾಸಾಗದಿದ್ರೆ ಸರ್ಕಾರ ಬೀಳೋದಿಲ್ಲ, ಕಚೇರಿ ಮುಚ್ಚುತ್ತೆ. ಸೆನೆಟ್‌ನ ನೂರರಲ್ಲಿ ಅರವತ್ತು ವೋಟು ಬೇಕು, ಆಳೋ ಪಕ್ಷದ ಹತ್ತಿರ ಅಷ್ಟಿಲ್ಲ. ಆರೋಗ್ಯ ವಿಮೆಯ ಸಹಾಯಧನ ವರ್ಷದ ಕೊನೆಗೆ ಮುಗಿಯುತ್ತೆ, ಅದನ್ನ ಮುಂದುವರಿಸಿ, ಆಮೇಲೆ ವೋಟು ಹಾಕ್ತೀವಿ ಅಂತ ವಿರೋಧ ಪಕ್ಷ ಪಟ್ಟು ಹಿಡಿದು ಕೂತಿತ್ತು. ಕೊನೆಗೆ ಅವರ ಸಾಲಿನಿಂದಲೇ ಎಂಟು ಜನ ಎದ್ದು ಆಕಡೆ ಹೋದರು. ಸಿಕ್ಕಿದ್ದು, ಡಿಸೆಂಬರಿನಲ್ಲಿ ಆ ವಿಷಯ ವೋಟಿಗೆ ಹಾಕ್ತೀವಿ ಅನ್ನೋ ಒಂದು ಮಾತು.

"ಮತ್ತೆ ನಲವತ್ತು ದಿನ ಯಾಕ್ ಕೂತಿದ್ರು?" ಅಂದ ದೊಡ್ಡಪ್ಪ. ಆಮೇಲೆ ತಾನೇ, "ನಮ್ಮಲ್ಲಿ ಹಂಗಾಗಾದಿಲ್ಲ ಬಿಡು" ಅಂತ ಎದ್ದು ಹೋದ.

ನಾನೂ ಹೂಂ ಅಂದುಬಿಟ್ಟೆ. ಕಾನೂನಿನ ಮಾತಿಗೆ ಅದು ಸರಿಯೇ. ನಮ್ಮಲ್ಲಿ ಹಣದ ಮಸೂದೆ ಸೋತರೆ ಸರ್ಕಾರವೇ ಮನೆಗೆ ಹೋಗ್ಬೇಕು. ತೀರಾ ಹತ್ತಿರ ಹೋಗಿದ್ದು ಅಂದ್ರೆ 2019ರ ಜುಲೈ. ಒಂದು ಸರ್ಕಾರ ಬಿದ್ದಿತ್ತು, ತಿಂಗಳ ಕೊನೆಯೊಳಗೆ ಮಸೂದೆ ಆಗದಿದ್ರೆ ನೌಕರರ ಸಂಬಳಕ್ಕೂ ಖಜಾನೆ ತೆಗೆಯೋ ಹಾಗಿರಲಿಲ್ಲ. 29ನೇ ತಾರೀಖು ಯಡಿಯೂರಪ್ಪ ವಿಶ್ವಾಸಮತ ಗೆದ್ದು, ಹಿಂದಿನ ಸರ್ಕಾರ ಬರೆದಿಟ್ಟಿದ್ದ ಮಸೂದೆಯನ್ನೇ ಪಾಸು ಮಾಡಿಸಿದರು. ಕತೆ ಮುಗೀತು.

ಆದರೆ ಊರಿಗೆ ಹೋಗೋ ಬಸ್ಸಿನಲ್ಲಿ ಕೂತಾಗ ನೆನಪಾಯ್ತು. ನಮ್ಮ ಜಿಲ್ಲೆಯಲ್ಲಿ ಒಂದು ಸರ್ಕಾರಕ್ಕೆ ಬೀಗ ಬಿದ್ದು ನಾಲ್ಕು ವರ್ಷ ದಾಟಿದೆ. 43 ದಿನಕ್ಕೆ ಅಮೆರಿಕದವರು ಬಾಯಿ ಬಡಕೊಂಡರು. ನಮಗೆ ಬೀಗ ಬಿದ್ದಿರೋದೇ ಮರೆತಿದೆ.

ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಆ ಅವಧಿ 2021ರ ಬೇಸಿಗೆಗೆ ಮುಗೀತು. ಅವತ್ತಿಂದ ಇವತ್ತಿನ ತನಕ ರಾಜ್ಯದ ಯಾವ ಜಿಲ್ಲೆಗೂ ಚುನಾಯಿತ ಜಿಲ್ಲಾ ಪಂಚಾಯಿತಿ ಇಲ್ಲ. ಆಡಳಿತಾಧಿಕಾರಿ ಇದ್ದಾರೆ, ಕಟ್ಟಡ ಇದೆ, ಜೀಪು ಇದೆ, ಬೋರ್ಡು ಇದೆ. ಸದಸ್ಯರು ಮಾತ್ರ ಇಲ್ಲ.

ಎಲ್ಲ ಜಿಲ್ಲೆಗಿಂತ ನಮ್ಮದು ಇನ್ನೂ ವಿಚಿತ್ರ. ವಿಜಯನಗರ ಜಿಲ್ಲೆ ಅಧಿಕೃತವಾಗಿ ಹುಟ್ಟಿದ್ದೇ 2021ರ ಫೆಬ್ರವರಿಯಲ್ಲಿ. ಹೊಸಪೇಟೆ ಜೊತೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಅಂದ್ರೆ ನಮ್ಮ ಜಿಲ್ಲೆ ಹುಟ್ಟಿದಾಗಿನಿಂದ ಒಂದು ಸಲವೂ ತನ್ನ ಜಿಲ್ಲಾ ಪಂಚಾಯಿತಿಗೆ ವೋಟು ಹಾಕಿಲ್ಲ. ಹರಪನಹಳ್ಳಿಯವರನ್ನ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹಾಕಿದ್ರು, 2018ರಲ್ಲಿ ವಾಪಸ್ ಬಳ್ಳಾರಿಗೆ ತಂದ್ರು, ಮೂರು ವರ್ಷಕ್ಕೆ ವಿಜಯನಗರಕ್ಕೆ ಸೇರಿಸಿದ್ರು. ಮನೆ ಮೇಲೆ ಮನೆ ಬದಲಾಯ್ಸಿ, ಕೊನೆಯ ಮನೆಗೆ ಯಜಮಾನನೇ ಇಲ್ಲ.

ಇದನ್ನ ಮಾಡಿದವರು ಯಾರು? ಒಬ್ಬರ ಹೆಸರು ಹೇಳಿ ಪಾರಾಗೋಕೆ ಆಗಲ್ಲ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ, ಮೀಸಲಾತಿಯ ಕರಡು ಸಿದ್ಧ ಮಾಡಿತ್ತು. ಆಗಿನ ಬಿಜೆಪಿ ಸರ್ಕಾರ ಕಾಯ್ದೆ ತಿದ್ದಿ, ಆ ಅಧಿಕಾರ ಆಯೋಗದ ಕೈಯಿಂದ ಕಿತ್ತು, ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಹೈಕೋರ್ಟು ಗಡುವು ಕೊಟ್ಟಿತು, ಗದರಿತು. ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ, ಕ್ಷೇತ್ರ ವಿಂಗಡಣೆ ಬಾಕಿ ಇದೆ ಅನ್ನೋ ನೆಪಕ್ಕೆ ಸ್ಥಳೀಯ ಚುನಾವಣೆ ನಿಲ್ಲಿಸುವಂತಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. 2023ರಲ್ಲಿ ಸರ್ಕಾರ ಬದಲಾಯ್ತು, ಕಾಂಗ್ರೆಸ್ ಬಂತು. ಚುನಾವಣೆ ಬರಲಿಲ್ಲ. ಐದು ವರ್ಷ ಮುಗಿಯೋ ಮುಂಚೆಯೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. ಅದನ್ನ ತಂದವರು ನಾವೇ ಅಂತ ರಾಜೀವ್ ಗಾಂಧಿ ಫೋಟೋಕ್ಕೆ ಹಾರ ಹಾಕೋ ಪಕ್ಷ ಇದು.

ಸರಿ, ಆಳೋರು ಹಾಗೆ ಮಾಡ್ತಾರೆ. ವಿರೋಧ ಪಕ್ಷ ಅಂತ ಒಂದಿರುತ್ತಲ್ಲ, ಅದು ಏನ್ ಮಾಡ್ತಿತ್ತು?

ಅದಕ್ಕೆ ಕೂರೋಕೆ ಬರಲ್ಲ ಅಂತೇನಿಲ್ಲ. 2022ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿನವರು ಈಶ್ವರಪ್ಪನವರ ಬಾವುಟದ ಮಾತಿಗೆ ಅಹೋರಾತ್ರಿ ಸದನದಲ್ಲೇ ಮಲಗಿದರು, ಅಧಿವೇಶನ ಮೊಟಕಾಯ್ತು. 2024ರ ಜುಲೈಯಲ್ಲಿ ಬಿಜೆಪಿ, ಜೆಡಿಎಸ್‌ನವರು ಮುಡಾ ವಿಷಯಕ್ಕೆ ಅಲ್ಲೇ ಹಾಸಿಗೆ ಹಾಕಿದರು. ಇಬ್ಬರಿಗೂ ದಿಂಬು ಹಂಚಿದ ಕಟ್ಟಡ ಒಂದೇ. ಜಿಲ್ಲಾ ಪಂಚಾಯಿತಿ ಚುನಾವಣೆ ನಡೆಸಿ ಅಂತ ಯಾರಾದ್ರೂ ಒಂದು ರಾತ್ರಿ ಅಲ್ಲಿ ಮಲಗಿದ್ದನ್ನ ನಾನಂತೂ ಕಂಡಿಲ್ಲ.

ಪಟ್ಟು ಹಿಡಿಯೋದು ಅಂದ್ರೆ ಹೇಗಿರುತ್ತೆ ಅಂತ ಬಳ್ಳಾರಿ ಸೀಮೆಯವರಿಗೆ ಹೇಳಿಕೊಡೋದು ಬೇಡ. 2010ರ ಜುಲೈ. ಸಂಡೂರು ಕಡೆ ಹೊರಟರೆ ಗಿಡದೆಲೆ ಕೂಡ ಕೆಂಪಗೆ ಕಾಣೋ ಕಾಲ. ಬಿಜೆಪಿ 110, ಕಾಂಗ್ರೆಸ್ 80, ಜೆಡಿಎಸ್ 28, ಇದು 2008ರ ಫಲಿತಾಂಶದ ಲೆಕ್ಕ. ವೋಟಿನಿಂದ ಏನೂ ಕಿತ್ತುಕೊಳ್ಳೋಕೆ ಆಗದ ವಿರೋಧ ಪಕ್ಷಗಳು ಅಕ್ರಮ ಗಣಿಗಾರಿಕೆಯನ್ನ ಸಿಬಿಐಗೆ ಕೊಡಿ ಅಂತ ಸದನದಲ್ಲೇ ಧರಣಿ ಕೂತವು. ಕಲಾಪ ನಿಂತಿತು. ರೆಡ್ಡಿ ಸಹೋದರರ ಜೊತೆ ಸವಾಲು, ಪ್ರತಿಸವಾಲು. ತೊಡೆ ತಟ್ಟಿದ್ದೂ ಆಯ್ತು. ಆಮೇಲೆ ಜುಲೈ 25ಕ್ಕೆ ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ಸಿನವರು ಬೆಂಗಳೂರಿಂದ ನಡೆಯೋಕೆ ಹತ್ತಿ, 320 ಕಿಲೋಮೀಟರ್ ನಡೆದು, ಆಗಸ್ಟ್ 9ಕ್ಕೆ ಬಳ್ಳಾರಿ ಮುಟ್ಟಿದರು.

ನಾನು ಆ ಪಕ್ಷದವನಲ್ಲ, ಇವತ್ತಿಗೂ ಅಲ್ಲ. ಅವತ್ತು ಕೂಡ್ಲಿಗಿ ಮೇಲಿಂದ ಬಸ್ ಹಿಡಿದು ಬಳ್ಳಾರಿಗೆ ಹೋಗಿದ್ದೆ, ನೋಡೋಕೆ ಅಂತ. ಒಬ್ಬರನ್ನ ಒಬ್ಬರು ನೋಡಿ, "ನೀನೂ ಬಂದೆಯಾ?" ಅಂತ ಮೆಲ್ಲಗೆ ಕೇಳೋರೇ ಸುತ್ತ. ಊರಲ್ಲಿ ಗಣಿ ಅಂತ ಜೋರಾಗಿ ಮಾತಾಡೋಕೂ ಹಿಂದೆ ಮುಂದೆ ನೋಡ್ತಿದ್ದ ಜನ ಅವತ್ತು ಹಾಡಹಗಲು ಮೈದಾನದಲ್ಲಿ ನಿಂತಿದ್ದರು. ಅದರಲ್ಲಿ ರಾಜಕೀಯ ಇರಲಿಲ್ಲವೇ? ಬೇಕಾದಷ್ಟಿತ್ತು. ಮೂರು ವರ್ಷಕ್ಕೆ ಅಧಿಕಾರವೂ ಬಂತು. ಆದರೆ ಮುಂದಿನ ವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದಾಗ, ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ, ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಾಗ, ಜನಕ್ಕೆ ಅದು ಬೆಂಗಳೂರಿನ ಸುದ್ದಿ ಅನ್ನಿಸಲಿಲ್ಲ. ಯಾಕಂದ್ರೆ ಕೇಳಿದವರು ನಡೆದು ಬಂದು ಕೇಳಿದ್ದರು. ಕಾಲಲ್ಲಿ ಗುಳ್ಳೆ ಎದ್ದಿದ್ದು ಅವರಿಗೆ.

ನನಗೆ ಇದೇ ದೊಡ್ಡದು. ಪಟ್ಟಿನ ಬೆಲೆ ಯಾರು ಕೊಡ್ತಾರೆ? ಅಮೆರಿಕದಲ್ಲಿ ನವೆಂಬರ್ ತಿಂಗಳ ಆಹಾರದ ನೆರವು ತಡವಾಗಿ ಸುಮಾರು 4.2 ಕೋಟಿ ಜನ ತಳಮಳಿಸಿದರು. ಪಟ್ಟು ಹಿಡಿದ ಸೆನೆಟರಿಗೆ ಸಂಬಳ ನಿಲ್ಲೋದಿಲ್ಲ, ನನ್ನ ಅಳಿಯನಿಗೆ ನಿಲ್ಲುತ್ತೆ. ಹಾಗಂತ ಕೂತಿದ್ದೇ ತಪ್ಪು ಅನ್ನೋರ ಗುಂಪಿಗೆ ನಾನು ಸೇರಲ್ಲ. ಬಡವರ ಹೊಟ್ಟೆ ಒತ್ತೆ ಇಟ್ಟು 43 ದಿನ ಕೂತ ಮೇಲೆ ಬರಿಗೈಲಿ ಏಳೋದು ಕೂರದೇ ಇರೋದಕ್ಕಿಂತ ಕೆಟ್ಟದ್ದು. ಕೂತೋರು ಕೂತಿದ್ದಕ್ಕೆ ಉತ್ತರ ಕೊಡ್ಬೇಕು, ಎದ್ದೋರು ಎದ್ದಿದ್ದಕ್ಕೆ.

ನಮ್ಮೋರು ಮಾತ್ರ ಕೂರಲೂ ಇಲ್ಲ, ಏಳಲೂ ಇಲ್ಲ.

"ಜಿಲ್ಲಾ ಪಂಚಾಯ್ತಿ ಇದ್ದಾಗ ಏನ್ ಕಡಿದು ಕಟ್ಟೆ ಹಾಕಿದ್ರು?" ಅಂತ ಕೇಳೋರಿದ್ದಾರೆ. ದೊಡ್ಡಪ್ಪನೂ ಕೇಳಿದ್ದ. ಕಡಿದು ಕಟ್ಟೆ ಹಾಕಿದ್ದು ಕಮ್ಮಿಯೇ, ಒಪ್ತೀನಿ. ಪರ್ಸೆಂಟೇಜ್ ತಿಂದವರೂ ಇದ್ದರು. ಆದರೆ ನಮ್ಮೂರ ಶಾಲೆ ಕತೆ ಕೇಳಿ. 2017ರ ಮಳೆಗಾಲದಲ್ಲಿ ಒಂದು ಕೋಣೆ ಸೋರೋಕೆ ಹತ್ತಿತು. ನಾವು ಆರೇಳು ಜನ ಬೆಳಗ್ಗೆ ಆರಕ್ಕೇ ತಾಲೂಕು ಪಂಚಾಯಿತಿ ಸದಸ್ಯೆಯ ಮನೆ ಕಟ್ಟೆ ಮೇಲೆ ಹೋಗಿ ಕೂತೆವು. ಆಯಮ್ಮನ ಗಂಡ ಬಂದು ಗದರಿದ. ಆಮೇಲೆ ಆಯಮ್ಮನೇ ಚಾ ಕೊಟ್ಟು, "ನೀವ್ ಹಿಂಗ್ ಬಂದು ಕುಂತ್ರೆ ನಾ ಓಣ್ಯಾಗ ಹೆಂಗ್ ತಲಿ ಎತ್ಲಿ?" ಅಂತ ಬೈಕೊಂತಾ ಫೋನು ಹಚ್ಚಿದಳು. ವಾರದೊಳಗೆ ಇಂಜಿನಿಯರು ಬಂದ. ಈಗ ಪಕ್ಕದ ಕೋಣೆ ಸೋರುತ್ತಿದೆ. ಮೂರು ಅರ್ಜಿ ಕೊಟ್ಟಿದ್ದೀವಿ, ಮೂರಕ್ಕೂ ಸ್ವೀಕೃತಿ ಮುದ್ರೆ ಇದೆ. ಅಧಿಕಾರಿ ಕೆಟ್ಟವರೇನಲ್ಲ, ಕೂರಿಸಿ ಮಾತಾಡಿಸ್ತಾರೆ. ಮೊದಲ ಅರ್ಜಿ ತಗೊಂಡವರು ವರ್ಗವಾಗಿ ಹೋದರು, ಮೂರನೆಯದು ತಗೊಂಡವರು ಹೊಸಬರು. ಅವರ ಮನೆ ಕಟ್ಟೆ ನಮ್ಮೂರಲ್ಲಿಲ್ಲ. ತಲೆ ಎತ್ತೋ ಓಣಿಯೂ ಇದಲ್ಲ.

ಅಂಥ ಕುರ್ಚಿಗಳಲ್ಲಿ ಅರ್ಧ ಹೆಂಗಸರವು, ಕಾಯ್ದೆ ಪ್ರಕಾರವೇ. ನಾಲ್ಕು ವರ್ಷದಿಂದ ಖಾಲಿ. ಚುನಾಯಿತ ಪಂಚಾಯಿತಿ ಇಲ್ಲದಿದ್ರೆ ಹದಿನೈದನೇ ಹಣಕಾಸು ಆಯೋಗದ ಅನುದಾನಕ್ಕೆ ಅರ್ಹತೆಯೇ ಇಲ್ಲ, ಆ ನಷ್ಟ ಬೇರೆ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತು ಕಟ್ಟಿ 1987ರಲ್ಲಿ ಚುನಾವಣೆ ಮಾಡಿಸಿದಾಗ ದೇಶವೇ ಕರ್ನಾಟಕ ನೋಡಿ ಕಲೀಬೇಕು ಅಂತಿದ್ದರು. ಆ ಅವಧಿ ಮುಗಿದ ಮೇಲೂ ಹಿಂಗೇ ಬೀಗ ಬಿದ್ದಿತ್ತು, ಮತ್ತೆ ಚುನಾವಣೆ ಬಂದದ್ದು 1995ಕ್ಕೆ. ಚಾಳಿ ಹಳೇದು.

ಯಾಕೆ ಯಾರಿಗೂ ಅವಸರ ಇಲ್ಲ ಅನ್ನೋದು ಹಳ್ಳಿಯ ಹುಡುಗನಿಗೂ ಗೊತ್ತು. ಜಿಲ್ಲಾ ಪಂಚಾಯಿತಿ ಸದಸ್ಯ ಅಂದ್ರೆ ಶಾಸಕರಿಗೆ ನಾಳಿನ ಎದುರಾಳಿ. ಕಾಮಗಾರಿ ಪಟ್ಟಿಗೆ ಇನ್ನೊಂದು ಸಹಿ. ಪೂಜೆಗೆ ಇನ್ನೊಂದು ತೆಂಗಿನಕಾಯಿ. ಬೀಗ ಇದ್ದರೆ ತಾಲೂಕಿಗೆಲ್ಲ ತಾನೊಬ್ಬನೇ. ಈ ಸುಖ ಆಳೋ ಪಕ್ಷದ ಶಾಸಕನಿಗೆಷ್ಟೋ ವಿರೋಧ ಪಕ್ಷದ ಶಾಸಕನಿಗೂ ಅಷ್ಟೇ. ಅದಕ್ಕೇ ಇದೊಂದು ವಿಷಯದಲ್ಲಿ ಸದನ ಪೂರ್ತಿ ಆಡಳಿತ ಪಕ್ಷ.

ನಮ್ಮ ಸೀಮೆ ಮಾತ್ರ 2023ರಲ್ಲಿ ಯಾರಿಗೂ ಬೇಜಾರು ಮಾಡಲಿಲ್ಲ. ಕೂಡ್ಲಿಗಿಯಲ್ಲಿ ಕಾಂಗ್ರೆಸ್, ಹಡಗಲಿಯಲ್ಲಿ ಬಿಜೆಪಿ, ಹಗರಿಬೊಮ್ಮನಹಳ್ಳಿಯಲ್ಲಿ ಜೆಡಿಎಸ್, ಹರಪನಹಳ್ಳಿಯಲ್ಲಿ ಪಕ್ಷೇತರ. ಕೊಟ್ಟೂರಿಗೆ ತನ್ನ ಹೆಸರಿನ ಕ್ಷೇತ್ರವೇ ಇಲ್ಲ, ಅದರದು ಬೇರೆ ಗೋಳು. ನಾಲ್ಕು ಕ್ಷೇತ್ರ, ನಾಲ್ಕು ಬಣ್ಣ. ಇದು ಕಾಂಗ್ರೆಸ್ಸಿನ ಸಂಚು, ಬಿಜೆಪಿಯ ನಾಟಕ ಅಂತ ಯಾರೂ ಬೊಟ್ಟು ಮಾಡೋ ಹಾಗಿಲ್ಲದ ಗುಂಪು ಇದು.

ಡಿಸೆಂಬರಿಗೆ ಬೆಳಗಾವಿಯಲ್ಲಿ ಅಧಿವೇಶನ. ಅಲ್ಲಿ ಚಳಿ ಜಾಸ್ತಿ ಅಂತಾರೆ. ಈ ನಾಲ್ವರೂ ಪಕ್ಷ ಪಕ್ಕಕ್ಕಿಟ್ಟು, ಚುನಾವಣೆ ತಾರೀಖು ಹೇಳೋ ತನಕ ಏಳಲ್ಲ ಅಂತ ಒಂದು ರಾತ್ರಿ ಸದನದ ಬಾವಿಯಲ್ಲಿ ಕೂರಲಿ. ಕಂಬಳಿ ನಾವು ಕಳಿಸ್ತೀವಿ. ಮಂಡಕ್ಕಿ, ಮಿರ್ಚಿ ಕೊಟ್ಟೂರಿಂದ ಬರುತ್ತೆ. ಶಾಲೆಯ ಮೂರು ಅರ್ಜಿಯ ಜೆರಾಕ್ಸನ್ನೂ ಅದೇ ಬುತ್ತಿಯೊಳಗೆ ಇಟ್ಟಿರ್ತೀನಿ.