ಬಣ್ಣ ಬೆರೆಸುವುದೂ ಒಂದು ವಿದ್ಯೆ

ಎಪಾಕ್ಸಿ ರೆಸಿನ್ನಿನಿಂದ ಕೀಚೈನು, ಪದಕ, ಲೋಲಾಕು ಮೊದಲಾದ ವಸ್ತುಗಳನ್ನು ಮಾಡಿ ಮಾರುವ ಹವ್ಯಾಸ ಇಂದು ವಿದ್ಯಾರ್ಥಿಗಳಲ್ಲಿ ಹಬ್ಬಿದೆ. "ಅಚ್ಚಿಗೆ ಸುರಿದು ಬಣ್ಣ ಹಾಕಿದರಾಯಿತು, ಇದರಲ್ಲಿ ಕುಶಲತೆಯೇನಿದೆ?" ಎಂದು ಹಗುರವಾಗಿ ಆಡುವವರೂ ಉಂಟು. ಸುರಿಯುವುದು ದೊಡ್ಡ ವಿದ್ಯೆಯಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಬಣ್ಣ ಬೆರೆಸುವುದು ನಿಜವಾಗಿಯೂ ಒಂದು ವಿದ್ಯೆ. ಅದನ್ನು ಕಲಿಯದೆ ಮಾಡಿದ ವಸ್ತುವನ್ನು ಹಣಕ್ಕೆ ಮಾರುವುದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ.

ಈ ರೆಸಿನ್ ಗಾಳಿಗೆ ಆರಿ ಗಟ್ಟಿಯಾಗುವ ವಸ್ತುವಲ್ಲ. ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವಗಳು ನಿಗದಿಯಾದ ಪ್ರಮಾಣದಲ್ಲಿ ಕೂಡಿದಾಗ ರಾಸಾಯನಿಕ ಕ್ರಿಯೆ ನಡೆದು, ಶಾಖ ಹುಟ್ಟಿ, ಘನವಾಗುತ್ತದೆ. ಬಣ್ಣವೆಂಬುದು ಈ ಇಬ್ಬರ ನಡುವೆ ಬರುವ ಮೂರನೆಯ ನೆಂಟ; ಮಿತಿಯಲ್ಲಿದ್ದರೆ ಶೋಭೆ, ಮೀರಿದರೆ ಕೆಲಸ ಕೆಡುತ್ತದೆ. 100 ಗ್ರಾಂ ಮಿಶ್ರಣಕ್ಕೆ ಸುಮಾರು 5 ಗ್ರಾಂ ಬಣ್ಣವನ್ನು ಮೀರದಿರುವುದು ಕ್ಷೇಮ. ನೀರು ಬೆರೆತ ಪೋಸ್ಟರ್ ಬಣ್ಣವನ್ನು ಧಾರಾಳವಾಗಿ ಸುರಿದರೆ ವಸ್ತು ಮಬ್ಬಾಗುತ್ತದೆ, ಇಲ್ಲವೆ ಅಂಟಂಟಾಗಿಯೇ ಉಳಿಯುತ್ತದೆ.

ಬಣ್ಣಗಳ ಸ್ವಭಾವವೂ ಒಂದೇ ಅಲ್ಲ. ಕಾಗೆಬಂಗಾರದ ಪುಡಿ ಮಿರುಗುತ್ತದೆ. ಆದರೆ ತೆಳುವಾದ ರೆಸಿನ್ನಿನಲ್ಲಿ ತಳಕ್ಕಿಳಿಯುತ್ತದೆ. ಮಿಶ್ರಣ ಸ್ವಲ್ಪ ಮಂದವಾಗುವವರೆಗೆ ಕಾಯುವ ತಾಳ್ಮೆ ಬೇಕು. ಆಲ್ಕೊಹಾಲ್ ಇಂಕು ಗಾಜಿನಂತೆ ಪಾರದರ್ಶಕವಾಗಿ ಹರಡುತ್ತದೆ. ಆದರೆ ಬಿಸಿಲಿಗೆ ಮಾಸುತ್ತದೆ. ರೆಸಿನ್ನೂ ಬಿಸಿಲಿಗೆ ಹಳದಿ ತಿರುಗುವುದರಿಂದ ಬಿಳಿಯದು ಕೆನೆಬಣ್ಣವಾಗಿ, ತಿಳಿನೀಲಿ ಹಸಿರಿನ ಛಾಯೆಗೆ ವಾಲಬಹುದು. ಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸುವುದು ಮಾರುವವನ ಧರ್ಮವಲ್ಲವೇ?

ರಾಳಕ್ಕೆ ಬಣ್ಣ ಕಟ್ಟುವುದು ನಮ್ಮ ನಾಡಿಗೆ ಹೊಸದಲ್ಲ. ಎಪಾಕ್ಸಿ ಇಪ್ಪತ್ತನೆಯ ಶತಮಾನದ ಕೂಸಾದರೆ, ಚನ್ನಪಟ್ಟಣದ ಬೊಂಬೆಗಳ ಮೇಲಿನ ಅರಗು ಕೀಟಗಳು ಸ್ರವಿಸುವ ರಾಳ. ಅಲ್ಲಿನ ಕುಶಲಕರ್ಮಿಗಳು ಅರಗನ್ನು ಕಾಯಿಸಿ, ಬಣ್ಣವನ್ನು ಅದರೊಳಗೇ ನಾದಿ ಕಡ್ಡಿ ಮಾಡುತ್ತಾರೆ. ತಿರುಗುವ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಶಾಖಕ್ಕೇ ಕರಗಿ ಹತ್ತುತ್ತದೆ. ಬಣ್ಣ ಮೇಲೆ ಬಳಿದದ್ದಲ್ಲ, ರಾಳದೊಡನೆ ಒಂದಾದದ್ದು. ಆ ಕೆಲಸವನ್ನು ಕಲೆಯೆಂದು ಮೆಚ್ಚುವ ನಾವು, ಅದರ ಹಿಂದಿರುವ ಅಳತೆಯನ್ನೂ ತಾಳ್ಮೆಯನ್ನೂ ನಮ್ಮ ಕೆಲಸಕ್ಕೆ ತರಬೇಡವೇ?

ಮತ್ತೊಂದು ಮಾತು. ಗಟ್ಟಿಯಾಗದ ರೆಸಿನ್ ಮತ್ತು ಹಾರ್ಡನರ್ ಚರ್ಮಕ್ಕೆ ತಗುಲುತ್ತ ಬಂದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಅದು ಸಾಮಾನ್ಯವಾಗಿ ಬಾಳಿನುದ್ದಕ್ಕೂ ಬಿಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ, ಬರಿಗೈಯಲ್ಲಿ ಬಣ್ಣ ಕಲಸುವುದು ಸಾಹಸವಲ್ಲ, ಅವಿವೇಕ. ಕೈಗೆ ನೈಟ್ರೈಲ್ ಗವಸು, ಪುಡಿ ತೂಗುವಾಗ ಮೂಗಿಗೆ ಮಾಸ್ಕು, ತೆರೆದ ಕಿಟಕಿ, ಇವು ಬಣ್ಣದ ಡಬ್ಬಿಗಿಂತ ಮೊದಲು ಬೇಕಾದವು.

ನಮ್ಮದು ಕಲಾ ಕಾಲೇಜು, ರಸಾಯನಶಾಸ್ತ್ರದ ಗೊಡವೆ ನಮಗೇಕೆ ಎಂದು ಮಿತ್ರರು ಕೇಳದಿರಲಿ. ಒಂದು ಚಿಕ್ಕ ತಕ್ಕಡಿಯನ್ನೂ, ಯಾವ ಬಣ್ಣ ಎಷ್ಟು ಗ್ರಾಂ ಎಂದು ಬರೆದಿಡಲು ಒಂದು ಪುಸ್ತಕವನ್ನೂ ಇಟ್ಟುಕೊಂಡರೆ ಸಾಕು, ಹವ್ಯಾಸ ಕಸುಬಾಗುತ್ತದೆ. ಫೀಸಿಗೆಂದು ನಾಲ್ಕು ಕಾಸು ಕೂಡಿಸುವ ವಿದ್ಯಾರ್ಥಿಗೆ ಕೊಂಡವರ ನಂಬಿಕೆಯೇ ಬಂಡವಾಳ. ಅದು ಬಣ್ಣದಷ್ಟು ಬೇಗ ಮಾಸದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.