ಸ್ಟೆಂಟ್ ಆಯ್ಕೆಯ ಹೊರೆ ಮನೆಯವರಿಗೆ ಬೇಡ

ಹೃದಯಾಘಾತವಾದವರನ್ನು ಕ್ಯಾಥ್ ಲ್ಯಾಬಿನೊಳಗೆ ಕರೆದೊಯ್ದ ಮೇಲೆ, ಬಾಗಿಲ ಹೊರಗೆ ನಿಂತ ಹೆಂಡತಿ ಮಕ್ಕಳ ಮುಂದೆ ಸಹಿಗೆಂದು ಕಾಗದ ಬರುತ್ತದೆ. ಕೆಲವು ಕಡೆ ಅದರ ಜೊತೆಗೇ ಒಂದು ಪ್ರಶ್ನೆಯೂ ಬರುತ್ತದೆ: ಯಾವ ಸ್ಟೆಂಟ್ ಹಾಕೋಣ, ನಮ್ಮ ದೇಶದ್ದೋ ಹೊರಗಿನದೋ? ಆ ಗಳಿಗೆಯಲ್ಲಿ ಕಡಿಮೆ ದರದ್ದು ಸಾಕು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಸಾಲ ಮಾಡಿಯಾದರೂ ದುಬಾರಿಯದನ್ನೇ ಹಾಕಿಸುತ್ತಾರೆ. ಹಣ ಹೊಂದಿಸಲಾಗದೆ ಅಗ್ಗದ್ದಕ್ಕೆ ಒಪ್ಪಿದವರು, ಮುಂದೆ ಏನೇ ಆದರೂ ಅದು ತಮ್ಮ ತಪ್ಪೆಂದು ಕೊರಗುತ್ತಾರೆ. ಈ ಪ್ರಶ್ನೆಯನ್ನು ಮನೆಯವರಿಗೆ ಕೇಳಲೇಬಾರದು ಎಂಬುದು ನನ್ನ ವಾದ. ಅವರಿಗೆ ತಿಳಿಯದು ಎಂಬ ಕಾರಣಕ್ಕಲ್ಲ. ಅದರ ಮುಖ್ಯ ಭಾಗಕ್ಕೆ, ಅಂದರೆ ಬರಿ ಲೋಹದ್ದೋ ಔಷಧ ಲೇಪಿಸಿದ್ದೋ ಎಂಬುದಕ್ಕೆ, ವೈದ್ಯವಿಜ್ಞಾನ ಉತ್ತರ ಕೊಟ್ಟಾಗಿದೆ. ಉಳಿದ ಭಾಗ, ಯಾವ ಬ್ರ್ಯಾಂಡ್ ಎಂಬುದು, ಜೀವ ಉಳಿಸುವ ವಿಚಾರದಲ್ಲಿ ಅಷ್ಟು ತೂಕದ್ದಲ್ಲ.

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳವನ್ನು ಬಲೂನಿನಿಂದ ಅಗಲಿಸಿದರು. ಹಿಗ್ಗಿಸಿದ ನಾಳ ಮತ್ತೆ ಕುಸಿಯುವುದಿತ್ತು; ಅದಕ್ಕೆ ಆಸರೆಯಾಗಿ 1986ರಲ್ಲಿ ಲೋಹದ ಜಾಲರಿ ಬಂತು. ಅದೇ ಸ್ಟೆಂಟ್. ಆದರೆ ಗಾಯ ಮಾಯುವಾಗ ಬೆಳೆಯುವ ಅಂಗಾಂಶ ಜಾಲರಿಯೊಳಗೇ ತುಂಬಿಕೊಂಡು, ಸುಮಾರು ಐದರಲ್ಲಿ ಒಬ್ಬರಿಗೆ ಕೆಲವೇ ತಿಂಗಳಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು. ಆ ಬೆಳವಣಿಗೆಯನ್ನು ತಡೆಯುವ ಔಷಧವನ್ನು ಜಾಲರಿಗೆ ಲೇಪಿಸಿದರು. ಅಂಥ ಮೊದಲ ಸ್ಟೆಂಟ್‌ಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. ಮೂರೇ ವರ್ಷಕ್ಕೆ, ಬಾರ್ಸಿಲೋನಾದ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಗಾಬರಿಯ ಸುದ್ದಿ ಹೊರಬಿತ್ತು: ಔಷಧವು ಗಾಯ ಮಾಯುವುದನ್ನೇ ತಡಮಾಡುತ್ತಿದೆ, ವರ್ಷ ಕಳೆದ ಮೇಲೂ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುತ್ತಿದೆ. ಈ ಆತಂಕ ಹುಸಿಯಾಗಿರಲಿಲ್ಲ. ಅದರಲ್ಲೂ ಹೃದಯಾಘಾತದ ರೋಗಿಯ ನಾಳದಲ್ಲಿ ಹೆಪ್ಪು ಆಗಲೇ ಕೂತಿರುತ್ತದೆ. ಅಂಥಲ್ಲಿ ಬರಿ ಲೋಹದ್ದೇ ಕ್ಷೇಮ ಎಂದು ಹಲವು ವೈದ್ಯರು ಹಿಂದೆ ಸರಿದದ್ದು ಸಹಜವೇ ಆಗಿತ್ತು. ಆಮೇಲೆ ಬಂದ ಪೀಳಿಗೆಯ ಸ್ಟೆಂಟ್‌ಗಳಲ್ಲಿ 0.14 ಮಿಲಿಮೀಟರ್ ದಪ್ಪವಿದ್ದ ಎಳೆ 0.08ರ ಆಸುಪಾಸಿಗೆ ಇಳಿಯಿತು, ಔಷಧ ಬದಲಾಯಿತು, ಲೇಪನವೂ ನಾಳಕ್ಕೆ ಒಗ್ಗುವಂಥದ್ದಾಯಿತು.

ಸುಧಾರಣೆಯನ್ನು ಅಳೆದು ನೋಡಿದ್ದಾರೆ. ಹಳೆಯ ಪೀಳಿಗೆಯ ಔಷಧಲೇಪಿತ ಸ್ಟೆಂಟನ್ನು ಬರಿ ಲೋಹದ್ದರ ಎದುರು ಸುಮಾರು 3,000 ಹೃದಯಾಘಾತ ರೋಗಿಗಳಲ್ಲಿ ಪರೀಕ್ಷಿಸಿದ ಹೊರೈಜನ್ಸ್ ಅಧ್ಯಯನದಲ್ಲಿ, ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ ಬೇಕಾದವರು ವರ್ಷದೊಳಗೆ ಶೇ 7.5ರಿಂದ 4.5ಕ್ಕೆ ಇಳಿದರು, ಸಾವಿನಲ್ಲಿ ವ್ಯತ್ಯಾಸವಿರಲಿಲ್ಲ. ಹೊಸ ಪೀಳಿಗೆಯ ಎವರೊಲಿಮಸ್ ಎಂಬ ಔಷಧ ಲೇಪಿಸಿದ ಸ್ಟೆಂಟನ್ನು ಬರಿ ಲೋಹದ್ದರ ಜೊತೆ ಹೋಲಿಸಿದ ಎಕ್ಸಾಮಿನೇಷನ್ ಅಧ್ಯಯನದಲ್ಲಿ ಹೆಪ್ಪುಗಟ್ಟುವಿಕೆಯೇ ಕಡಿಮೆಯಾಯಿತು: ಒಂದು ವರ್ಷಕ್ಕೆ ಶೇ 1.9ರ ಎದುರು ಶೇ 0.5. 2006ರ ಭಯ ಇಲ್ಲಿ ತಲೆಕೆಳಗಾಗಿದೆ. ಐದು ವರ್ಷಕ್ಕೆ ಸಾವುಗಳೂ ಕಡಿಮೆ ಕಂಡವು. ಆದರೆ ಈ ಕೊನೆಯ ಅಂಕಿಯನ್ನು ಹಿಗ್ಗಿಸಿ ಹೇಳಬಾರದು. 9,000 ಮಂದಿಯ ನಾರ್‌ಸ್ಟೆಂಟ್ ಅಧ್ಯಯನದಲ್ಲಿ ಹೃದಯಾಘಾತವಿಲ್ಲದ ರೋಗಿಗಳೂ ಇದ್ದರು ನಿಜ. ಆದರೂ ಆರು ವರ್ಷಕ್ಕೆ ಸಾವು ಅಥವಾ ಹೊಸ ಹೃದಯಾಘಾತದ ಪ್ರಮಾಣ ಅಲ್ಲಿ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಹೊಸ ಔಷಧಲೇಪಿತ ಸ್ಟೆಂಟ್ ಮರುಚಿಕಿತ್ಸೆಯನ್ನು ಖಂಡಿತ ತಗ್ಗಿಸುತ್ತದೆ, ಹೆಪ್ಪನ್ನೂ ತಗ್ಗಿಸುತ್ತದೆ. ಬರಿ ಲೋಹದ್ದನ್ನು ಬಿಟ್ಟುಬಿಡಲು ಅಷ್ಟು ಸಾಕು.

ರಕ್ತಸ್ರಾವದ ಅಪಾಯವಿರುವ ವೃದ್ಧರಿಗೆ, ಎರಡು ಬಗೆಯ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಹೆಚ್ಚು ದಿನ ಕೊಡಲಾಗದವರಿಗೆ ಬರಿ ಲೋಹದ್ದೇ ಬೇಕಲ್ಲವೆ ಎಂಬ ಆಕ್ಷೇಪ ಬಹಳ ಕಾಲ ಸರಿಯಾಗಿತ್ತು. 2015ರ ಲೀಡರ್ಸ್ ಫ್ರೀ ಅಧ್ಯಯನ ಅದಕ್ಕೂ ಉತ್ತರ ಕೊಟ್ಟಿತು. ಅಂಥ 2,466 ಮಂದಿಗೆ ಎರಡೂ ಮಾತ್ರೆಗಳನ್ನು ಒಂದೇ ತಿಂಗಳು ಕೊಟ್ಟರೂ, ಹೃದಯ ಸಂಬಂಧಿ ಸಾವು, ಹೃದಯಾಘಾತ, ಹೆಪ್ಪುಗಟ್ಟುವಿಕೆ ಒಟ್ಟಾಗಿ ಬರಿ ಲೋಹದ ಗುಂಪಿನಲ್ಲಿ ಶೇ 12.9, ಔಷಧಲೇಪಿತ ಗುಂಪಿನಲ್ಲಿ ಶೇ 9.4. ಇನ್ನು ಹೊಸ ಸ್ಟೆಂಟ್‌ಗಳ ನಡುವಿನ ಪೈಪೋಟಿ. ಸೂರತ್‌ನಲ್ಲಿ ತಯಾರಾಗುವ ಸುಪ್ರಾಫ್ಲೆಕ್ಸನ್ನು ಯುರೋಪಿನ ಆಸ್ಪತ್ರೆಗಳಲ್ಲೇ ಹೆಸರಾಂತ ಕ್ಸಿಯೆನ್ಸ್ ಎದುರು ಇಟ್ಟು ನೋಡಿದ ಟ್ಯಾಲೆಂಟ್ ಅಧ್ಯಯನದಲ್ಲಿ, ವರ್ಷದೊಳಗೆ ಸ್ಟೆಂಟ್ ಸೋತದ್ದು ಒಂದರಲ್ಲಿ ಶೇ 4.9, ಇನ್ನೊಂದರಲ್ಲಿ ಶೇ 5.3. ನಮ್ಮ ದೇಶದ ಎಲ್ಲ ಸ್ಟೆಂಟ್‌ಗಳಿಗೂ ಇಂಥ ಪುರಾವೆ ಇದೆ ಎಂದು ಇದರಿಂದ ಹೇಳಲಾಗದು. ಪುರಾವೆ ಇಲ್ಲದ್ದನ್ನು ಆಸ್ಪತ್ರೆ ಕಪಾಟಿನಲ್ಲೇ ಇಡಬಾರದು. ಬ್ರ್ಯಾಂಡುಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದೂ ನಾನು ಹೇಳುತ್ತಿಲ್ಲ. ಹೃದಯಾಘಾತದ ರೋಗಿಗಳಲ್ಲೇ ನಡೆದ ಬಯೋಸ್ಟೆಮಿ ಅಧ್ಯಯನದಲ್ಲಿ ಇನ್ನಷ್ಟು ತೆಳು ಎಳೆಯ, ಕರಗುವ ಲೇಪನದ ಸ್ಟೆಂಟ್ ಸೋಲಿನ ಪ್ರಮಾಣದಲ್ಲಿ ಶೇ 6ರ ಎದುರು ಶೇ 4ಕ್ಕೆ ಇಳಿದು ಗೆದ್ದಿತು. ಗೆಲುವಿನ ಬಹುಪಾಲು ಬಂದದ್ದು ಮರುಚಿಕಿತ್ಸೆ ತಪ್ಪಿದ್ದರಿಂದ. ಇದು ತಜ್ಞರು ಕೂತು ಖರೀದಿಯ ಪಟ್ಟಿ ಮಾಡುವಾಗ ತೂಗಬೇಕಾದ ಮಾತು, ನಡುರಾತ್ರಿ ಮಗಳು ತೂಗಬೇಕಾದದ್ದಲ್ಲ.

ಇನ್ನು ದರದ ಮಾತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಔಷಧಲೇಪಿತ ಸ್ಟೆಂಟ್‌ಗೆ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮೊದಲು ಲಕ್ಷ ದಾಟಿದ ದರ ಮಾಮೂಲಾಗಿತ್ತು. ಹೊಸ ತಂತ್ರಜ್ಞಾನಕ್ಕೆ ಪ್ರತ್ಯೇಕ ದರ ಕೊಡದಿದ್ದರೆ ಒಳ್ಳೆಯದು ಈ ದೇಶಕ್ಕೆ ಬರುವುದಿಲ್ಲ ಎಂಬ ವಾದ ಆಗಿನಿಂದಲೂ ಇದೆ. ಕೆಲವು ಮಾದರಿಗಳನ್ನು ಹಿಂಪಡೆಯಲು ಕಂಪನಿಗಳು ಅನುಮತಿ ಕೇಳಿದ್ದೂ ಉಂಟು. ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆಗ ಎಲ್ಲಕ್ಕಿಂತ ಹೊಸದೆಂದು ಮಾರಾಟವಾಗುತ್ತಿದ್ದ ಕರಗುವ ಸ್ಟೆಂಟ್ ಅಬ್ಸಾರ್ಬ್‌ನ ಕಥೆ ನೋಡಿ. ಎರಡು ವರ್ಷದ ಹೋಲಿಕೆಯಲ್ಲಿ ಅದರಲ್ಲಿ ಹೆಪ್ಪುಗಟ್ಟಿದ್ದು ಶೇ 3.5, ಲೋಹದ ಮೇಲೆ ಔಷಧ ಲೇಪಿಸಿದ್ದರಲ್ಲಿ ಶೇ 0.9. 2017ರಲ್ಲೇ ಕಂಪನಿ ಮಾರಾಟ ನಿಲ್ಲಿಸಿತು. ಹೊಸತು ಎಂಬುದಕ್ಕೆ ಹೆಚ್ಚು ಬೆಲೆ ಕೊಡುವುದಾದರೆ, ಅದು ಮೇಲು ಎಂದು ರುಜುವಾತಾದ ಮೇಲೆ ಕೊಡೋಣ.

ಪುರಾವೆ ಇರುವ ಹೊಸ ಸ್ಟೆಂಟ್‌ಗಳ ನಡುವಿನ ಅಂತರ ನೂರಕ್ಕೆ ಒಂದೆರಡು. ಸ್ಟೆಂಟ್ ಹಾಕುವುದರ ಹಿಂದೆ ಮುಂದೆ ಇರುವ ಅಂತರ ಎಷ್ಟು ದೊಡ್ಡದು! ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 20,000ಕ್ಕೂ ಹೆಚ್ಚು ರೋಗಿಗಳನ್ನು ದಾಖಲಿಸಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ವರದಿಯಲ್ಲಿ, ನೋವು ಶುರುವಾಗಿ ಆಸ್ಪತ್ರೆ ಮುಟ್ಟುವ ಮಧ್ಯಾಂಕ ಅವಧಿ 360 ನಿಮಿಷ. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು ಮಲಗಿದ ಹೊತ್ತೆಲ್ಲ ಇದರಲ್ಲಿದೆ. 30 ದಿನದೊಳಗೆ ಬಡವರಲ್ಲಿ ಸತ್ತವರು ಶೇ 8.2, ಸಿರಿವಂತರಲ್ಲಿ ಶೇ 5.5, ದೊರೆತ ಚಿಕಿತ್ಸೆಯನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ಅಳಿಸಿಹೋಯಿತು. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಹೃದ್ರೋಗ ಕೇಂದ್ರದ ತಜ್ಞರಿಗೆ ಮುಟ್ಟಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ನಾನು ಇಷ್ಟು ಬೆಲೆ ಕೊಡುವುದು ಇದಕ್ಕೇ. ಸ್ಟೆಂಟ್ ಹಾಕಿದ ಮೇಲಿನ ಕಥೆಯೂ ಇಂಥದ್ದೇ. ಅಮೆರಿಕದಲ್ಲಿ ಹೃದಯಾಘಾತಕ್ಕೆ ಔಷಧಲೇಪಿತ ಸ್ಟೆಂಟ್ ಹಾಕಿಸಿಕೊಂಡ 500 ಮಂದಿಯಲ್ಲಿ, ಏಳರಲ್ಲಿ ಒಬ್ಬರು ತಿಂಗಳೊಳಗೆ ರಕ್ತ ತೆಳುವಾಗಿಸುವ ಕ್ಲೊಪಿಡೊಗ್ರೆಲ್ ಬಗೆಯ ಮಾತ್ರೆ ಬಿಟ್ಟಿದ್ದರು. ಮುಂದಿನ 11 ತಿಂಗಳಲ್ಲಿ ಅವರಲ್ಲಿ ಶೇ 7.5 ಮಂದಿ ಸತ್ತರು. ಬಿಡದವರಲ್ಲಿ ಶೇ 0.7. ಬಿಟ್ಟವರು ಮೊದಲೇ ಹೆಚ್ಚು ಕಾಯಿಲೆಯವರು ಎಂಬುದನ್ನು ಕಳೆದರೂ ಅಂತರ ಚಿಕ್ಕದಲ್ಲ. ಆದ್ದರಿಂದ ಮನೆಯವರನ್ನು ಕೂರಿಸಿಕೊಂಡು ಮಾತಾಡುವುದಾದರೆ ಡಿಸ್ಚಾರ್ಜ್ ದಿನ ಮಾತಾಡಲಿ: ಮಾತ್ರೆ ಯಾವುದು, ಎಷ್ಟು ತಿಂಗಳು, ಹಲ್ಲು ಕೀಳಿಸುವಾಗ ಯಾರನ್ನು ಕೇಳಬೇಕು, ಊರಿನ ಮೆಡಿಕಲ್ ಸ್ಟೋರಿನಲ್ಲಿ ಸಿಗದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಮೊದಲ ತಿಂಗಳ ಮಾತ್ರೆಯನ್ನು ಕೈಗಿಟ್ಟೇ ಕಳಿಸಲಿ.